ಎಂ4ರ ಆಮ್ಲಜನಕಕ್ಕೆ ಮಾರ್ಚ್ ತಿಂಗಳೇ ಸರಿ: ನನ್ನ ಅನುಭವ

ಜ್ಯೇಷ್ಠಾ ನಕ್ಷತ್ರದ ಪಕ್ಕದ ಎಂ4 ಗೋಳಗುಚ್ಛ ಅಂದರೆ ಎಲ್ಲರೂ ಮೇ ಕೊನೆಗೆ ಹೋಗುತ್ತಾರೆ, ರಾತ್ರಿಯಿಡೀ ಸಿಗುತ್ತದಲ್ಲ! ಅದರ ತಾರೆಗಳ ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ) ಗೆರೆ ನೋಡಿ ಆಮ್ಲಜನಕ ಅಳೆಯಬೇಕಾದರೆ ಎಡವುವುದು ಅಲ್ಲೇ. ಗುಚ್ಛ ಸೆಕೆಂಡಿಗೆ ಸುಮಾರು 71 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದೆ. ಹಾಗಾಗಿ ತರಂಗಾಂತರದಲ್ಲಿ ಆಮ್ಲಜನಕದ 6300.3 ಆಂಗ್‌ಸ್ಟ್ರಾಂ ಗೆರೆ ಮೇ ಕೊನೆಗೆ 6301.8ರಲ್ಲಿ ಕೂರುತ್ತದೆ. 6302.0ರಲ್ಲಿ ನಮ್ಮ ಗಾಳಿಯ ಆಮ್ಲಜನಕದ ಗೆರೆ ಇದೆ. ಎರಡೂ ಅಂಟಿಕೊಂಡ ಮೇಲೆ ಬಿಸಿ ನಕ್ಷತ್ರದ ರೋಹಿತದಿಂದ ಎಷ್ಟು ಭಾಗಿಸಿದರೂ ಕಲೆ ಉಳಿಯುತ್ತದೆ. ಎಂ4 ಕ್ರಾಂತಿವೃತ್ತಕ್ಕೆ (ಆಕಾಶದಲ್ಲಿ ಸೂರ್ಯ ಸಾಗುವ ಹಾದಿಗೆ) ಹತ್ತಿರ. ಮಾರ್ಚ್ ಮೊದಲ ವಾರ ಭೂಮಿ ಹತ್ತಿರಹತ್ತಿರ 30 ಕಿ.ಮೀ. ವೇಗದಲ್ಲಿ ಅದರತ್ತಲೇ ಓಡುತ್ತಿರುತ್ತದೆ. ಗೆರೆ 6301.2ಕ್ಕೆ ಜರುಗುತ್ತದೆ. ಒಂದು ಬದಿಗೆ 6300.3ರಲ್ಲಿ ರಾತ್ರಿ ಆಕಾಶ ತಾನೇ ಸೂಸುವ ಹೊಳಪಿನ ಗೆರೆ, ಇನ್ನೊಂದು ಬದಿಗೆ ಗಾಳಿಯದು, ನಡುವೆ ಖಾಲಿ ಸೈಟು.

ಮಾರ್ಚ್ ಮೊದಲಲ್ಲಿ ಎಂ4 ಮೇಲೇರುವುದು ನಡುರಾತ್ರಿ ದಾಟಿದ ಮೇಲೆ. "ಬೆಳಗಿನ ಜಾವದ ಎರಡು ಗಂಟೆಯಲ್ಲಿ ಏನು ಕಿತ್ತು ಹಾಕ್ತೀರಿ?" ಅಂದವರೇ ಹೆಚ್ಚು. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕ, ಫೈಬರ್ ಎಶೆಲ್ ರೋಹಿತದರ್ಶಕ, ಸ್ಲಿಟ್ (ಬೆಳಕನ್ನು ಕಿರಿದಾಗಿಸುವ ಸೀಳು) ಇಲ್ಲದೆ 27 ಸಾವಿರ ವಿಭೇದನ. 11ನೇ ಕಾಂತಿಮಾನದ ಕೆಂಪು ದೈತ್ಯಕ್ಕೆ 40 ನಿಮಿಷದ ಮೂರು ಎಕ್ಸ್‌ಪೋಶರ್, ರಾತ್ರಿಗೆ ಒಂದೇ ತಾರೆ. ಎರಡಕ್ಕೇ ನಿಲ್ಲಿಸಿದರೆ ಕಾಸ್ಮಿಕ್ ಕಿರಣದ ಚುಕ್ಕೆ ಯಾವುದು, ಗೆರೆ ಯಾವುದು ಗೊತ್ತಾಗುವುದಿಲ್ಲ. ಸಿಗ್ನಲ್-ನಾಯ್ಸ್ 70ರ ಆಸುಪಾಸು ಬಂದರೆ 40 ಮಿಲಿ ಆಂಗ್‌ಸ್ಟ್ರಾಂ ಅಗಲದ ಗೆರೆಯಲ್ಲಿ ತಪ್ಪು ಮೂರು-ನಾಲ್ಕು ಮಿಲಿ, ಅಷ್ಟು ಸಾಕು.

ಮೊದಲ ವರ್ಷ ಮಣ್ಣುಪಾಲಾಗಿದ್ದು ತಾಪಮಾನದಿಂದ. ಬಣ್ಣ ನೋಡಿ ತಾಪ ಇಟ್ಟಿದ್ದೆ. ಎಂ4ರ ಮುಂದಿನ ಧೂಳು ತಾರೆಯಿಂದ ತಾರೆಗೆ ಬೇರೆ, ಬಿ-ವಿ (ಬಣ್ಣದ ಸೂಚ್ಯಂಕ) 0.05 ತಪ್ಪಿದರೆ ತಾಪ ನೂರು ಕೆಲ್ವಿನ್ ಹತ್ತಿರ ತಪ್ಪಿತು, ಆಮ್ಲಜನಕದ ಜೊತೆಗೆ ಅಳೆಯುವ ಸೋಡಿಯಂ 0.1 ಡೆಕ್ಸ್ (ಹತ್ತರ ಘಾತದ ಅಳತೆ; 0.3 ಅಂದರೆ ಸುಮಾರು ಎರಡು ಪಟ್ಟು) ಅಲುಗಿತು. ಈಗ 6251.8ರ ವನೇಡಿಯಂ ಮತ್ತು 6252.6ರ ಕಬ್ಬಿಣದ ಗೆರೆಗಳ ಆಳದ ಅನುಪಾತ ಹಿಡಿಯುತ್ತೇನೆ. ಧೂಳಿಗೆ ಇದರಲ್ಲಿ ಕೈಯಾಡಿಸಲು ಆಗುವುದಿಲ್ಲ. ಈ ಅನುಪಾತವನ್ನು ತಾಪಕ್ಕೆ ಹೊಂದಿಸಲು ಯಾವ ಪ್ರಕಾಶಮಾನ ದೈತ್ಯಗಳನ್ನು ಆರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಸೋಡಿಯಂಗೆ ಹಳದಿಯ ಗಾಢ ಡಿ ಗೆರೆಗಳನ್ನು ಮುಟ್ಟಲೇಬೇಡಿ; 5682, 5688, 6154, 6160 ಸಾಕು. ಆಮ್ಲಜನಕವನ್ನು ಅಯಾನೀಕೃತ ಕಬ್ಬಿಣದ ಎದುರು ತೂಗಿ, ತಾರೆಯ ಮೇಲ್ಮೈ ಗುರುತ್ವದ ತಪ್ಪು ಬಹುಪಾಲು ವಜಾ ಆಗುತ್ತದೆ. ಇಂಗಾಲವನ್ನು ಸೂರ್ಯನ ಅನುಪಾತದಲ್ಲೇ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಲೆಕ್ಕ ಹೆಚ್ಚಾಗಿ ಆಮ್ಲಜನಕ ಸುಳ್ಳಾಗಿ ಉಬ್ಬುತ್ತದೆ. ಈ ದೈತ್ಯಗಳಲ್ಲಿ ಇಂಗಾಲ ಸವೆದಿರುತ್ತದೆ, ಇಳಿಸಿಯೇ ಹಾಕಿ.

ಎರಡು ಸೀಸನ್, ಒಂಬತ್ತು ತಾರೆ. ಸೋಡಿಯಂ ಎರಡು ಗುಂಪಾಗಿ ನಿಂತಿತು, ನಡುವೆ ಸುಮಾರು 0.3 ಡೆಕ್ಸ್, ಸೋಡಿಯಂ ಏರಿದಲ್ಲಿ ಆಮ್ಲಜನಕ ಇಳಿದಿದೆ. 2008ರಲ್ಲಿ ಚಿಲಿಯ ದೊಡ್ಡ ದೂರದರ್ಶಕದಿಂದ 105 ತಾರೆಗಳಲ್ಲಿ ಕಂಡ ಇಬ್ಭಾಗವೂ ಇದೇ. ರೋಹಿತ ಲೆಕ್ಕದ ತಂತ್ರಾಂಶಗಳಾದ ಮೂಗ್, ಐರಾಫ್ ಎರಡೂ ಪುಕ್ಕಟೆ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಡಿಸ್ಕ್, ಓಡಾಟ ಸೇರಿ ಕೈಯಿಂದ ಹೋಗಿದ್ದು ನಲವತ್ತು ಸಾವಿರದೊಳಗೆ.

ಅಲ್ಯೂಮಿನಿಯಂನ 6696, 6698 ಗೆರೆಗಳನ್ನೂ ಕೆದಕಿದೆ. ಮೊದಲನೆಯದು ಒಪ್ಪಬಹುದು, ಎರಡನೆಯದು ಈ ಸಿಗ್ನಲ್‌ಗೆ ನಿಲ್ಲಲಿಲ್ಲ.

ಈ ಮಾರ್ಚ್ ಲೆಕ್ಕವನ್ನು ಎಂ5 ಎಂಬ ಇನ್ನೊಂದು ಗೋಳಗುಚ್ಛಕ್ಕೆ ಹಾಕಬೇಡಿ. ಅದರ ವೇಗ 53 ಕಿ.ಮೀ. ಮಾತ್ರ, ಫೆಬ್ರುವರಿ-ಮಾರ್ಚ್‌ನಲ್ಲಿ ಗೆರೆ ಆಕಾಶದ ಹೊಳಪಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಅಲ್ಲಿ ಮೇ ತಿಂಗಳೇ ಸರಿ.