ಕೊನೆಯ ಬೆಲ್ ಹೊಡೆದ ಮೇಲೆ: ಶಾಲೆಯಲ್ಲಿ ಹವ್ಯಾಸ ತರಗತಿ ನಡೆಸುವುದು ಹೇಗೆ?

ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಚಿಕ್ಕ ಮಕ್ಕಳಿಗೆ ಚಿತ್ರಕಲೆ, ಚೆಸ್, ನಾಟಕ, ಜೇಡಿಮಣ್ಣಿನ ಕೆಲಸ ಕಲಿಸಬೇಕು ಎಂದು ಹೊರಡುವವರು ಮೊದಲು ಕೂತು ಬರೆಯುವುದು ತರಗತಿಗಳ ಪಟ್ಟಿ. ಆ ಪಟ್ಟಿ ಸ್ವಲ್ಪ ಕಾಯಲಿ. ಅದಕ್ಕಿಂತ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಬೆಲ್ ಹೊಡೆದಾಗ ಮಗುವನ್ನು ಅದರ ತರಗತಿಯಿಂದ ಕರೆತರುವವರು ಯಾರು? ಎಲ್ಲ ಮುಗಿದ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಕಲಿಸುವವರು ಎಷ್ಟೇ ಒಳ್ಳೆಯವರಿರಲಿ, ಈ ಎರಡು ಕೊಂಡಿಗಳಲ್ಲಿ ಒಂದು ಕಳಚಿದರೂ ಪೋಷಕರ ನಂಬಿಕೆ ಹೋಗುತ್ತದೆ. ಒಮ್ಮೆ ಹೋದದ್ದು ಆ ವರ್ಷ ಮತ್ತೆ ಬರುವುದಿಲ್ಲ.

ದಿನ ಲೆಕ್ಕ ಹಾಕಿ

ತಯಾರಿಗೆ ಕನಿಷ್ಠ 8 ವಾರ ಬೇಕು. ಮೊದಲ ಸಲ ವಾರಕ್ಕೆ 2 ದಿನ, ಒಟ್ಟು 3 ಅಥವಾ 4 ತರಗತಿ ಸಾಕು. ಒಂದು ಸುತ್ತು 8 ವಾರ ನಡೆದರೆ ಹದವಾಗಿರುತ್ತದೆ: 4 ವಾರದಲ್ಲಿ ಮಕ್ಕಳ ಕೈಗೆ ಏನೂ ಹತ್ತುವುದಿಲ್ಲ, 12 ವಾರಕ್ಕೆ ಎಳೆದರೆ ಕೊನೆಯಲ್ಲಿ ಹಾಜರಿ ಕರಗುತ್ತದೆ. ಶಾಲೆಯ ಕ್ಯಾಲೆಂಡರ್ ಮುಂದಿಟ್ಟುಕೊಂಡು ರಜೆ, ಪರೀಕ್ಷೆ, ಪೋಷಕರ ಸಭೆ, ಕ್ರೀಡಾಕೂಟದ ದಿನಗಳನ್ನು ಹೊಡೆದುಹಾಕಿ. 8 ಸೋಮವಾರ ಇವೆ ಎಂದುಕೊಂಡಲ್ಲಿ 6 ಮಾತ್ರ ಉಳಿಯುವುದು ಉಂಟು. ಹಣ 8 ತರಗತಿಗೆ ಪಡೆದು 6 ನಡೆಸಿದರೆ ತಕರಾರು ಬರುವುದು ಸಹಜ. ಕೊನೆಯಲ್ಲಿ ಒಂದು ದಿನವನ್ನು ತಪ್ಪಿದ ತರಗತಿಗಾಗಿ ಖಾಲಿ ಇಡಿ.

ಕೋಣೆ

ಮುಖ್ಯಶಿಕ್ಷಕರ ಒಪ್ಪಿಗೆ ಸಿಕ್ಕಿತೆಂದರೆ ಕೋಣೆ ಸಿಕ್ಕಿತು ಎಂದಲ್ಲ. ಆ ಕೋಣೆಯ ಶಿಕ್ಷಕಿ ಬೆಲ್ ಹೊಡೆದ ಮೇಲೆ ಅಲ್ಲೇ ಕೂತು ನೋಟ್‌ಬುಕ್ ತಿದ್ದುತ್ತಿರಬಹುದು, ಮರುದಿನದ ಪಾಠ ಬೋರ್ಡಿನ ಮೇಲೆ ಬರೆದಿಟ್ಟಿರಬಹುದು. ಅವರನ್ನೇ ಕೇಳಿ. ಮೊದಲ ದಿನ ಕೋಣೆಯ ಫೋಟೊ ತೆಗೆದಿಟ್ಟುಕೊಂಡು, ಬೆಂಚುಗಳನ್ನು ಪ್ರತಿ ಸಲ ಅದೇ ರೀತಿ ಜೋಡಿಸಿ ಹೊರಡಿ. ಬಣ್ಣದ ಕೆಲಸಕ್ಕೆ ನಲ್ಲಿ ಹತ್ತಿರವಿರುವ ಕೋಣೆ ಬೇಕು. ನಾಟಕದ ಪಕ್ಕದ ಕೋಣೆಯಲ್ಲಿ ಚೆಸ್ ಇಡಬೇಡಿ.

ಕಲಿಸುವವರು

ಚೆಸ್ ಚೆನ್ನಾಗಿ ಆಡುವವರೆಲ್ಲ 7 ವರ್ಷದವರಿಗೆ ಚೆಸ್ ಕಲಿಸಲಾರರು. ಆಯ್ಕೆಗೆ ಮೊದಲು ನಾಲ್ಕೈದು ಮಕ್ಕಳನ್ನು ಕೂರಿಸಿ 20 ನಿಮಿಷದ ಪಾಠ ಮಾಡಿಸಿ ನೋಡಿ. ಎಷ್ಟು ಹೊತ್ತು ಅವರೇ ಮಾತಾಡಿದರು, ಎಷ್ಟು ಹೊತ್ತು ಮಕ್ಕಳ ಕೈ ಕೆಲಸ ಮಾಡಿತು ಎಂಬುದನ್ನು ಗಮನಿಸಿ. ವಾರವಾರದ ಯೋಜನೆಯನ್ನು ಬರೆದುಕೊಡಲು ಹೇಳಿ. ಅವರ ಹಿನ್ನೆಲೆಯ ಪರಿಶೀಲನೆಯನ್ನು ಶಾಲೆಯ ನಿಯಮದ ಪ್ರಕಾರ ಮುಗಿಸುವ ತನಕ, ಎಷ್ಟೇ ಪರಿಚಿತರಾದರೂ, ಮಕ್ಕಳ ಜೊತೆ ಬಿಡಬೇಡಿ. ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭವೇ ಬರದಂತೆ ನೋಡಿಕೊಳ್ಳಿ. ಬಾಗಿಲು ಸದಾ ತೆರೆದಿರಲಿ. ಇದರಲ್ಲಿ ರಿಯಾಯಿತಿ ಬೇಡ.

ಕಲಿಸುವವರು ಬರಲಾಗದ ದಿನಕ್ಕೆಂದು ಪ್ರತಿ ತರಗತಿಗೂ ಒಂದು ಫೈಲ್ ಇರಲಿ. ಅದರಲ್ಲಿ ಯಾರು ಬೇಕಾದರೂ ನಡೆಸಬಹುದಾದ 2 ಚಟುವಟಿಕೆ, ಅವಕ್ಕೆ ಬೇಕಾದ ಸಾಮಾನು.

ಎಷ್ಟು ಮಕ್ಕಳು?

6–7 ವರ್ಷದವರಾದರೆ ಒಬ್ಬ ದೊಡ್ಡವರಿಗೆ 10 ಮಕ್ಕಳು, 9–10 ವರ್ಷದವರಾದರೆ 15. ಶಾಲೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಸರಿ. ಈ ಎರಡು ವಯಸ್ಸಿನವರನ್ನು ಒಂದೇ ಗುಂಪಿಗೆ ಹಾಕಬೇಡಿ. ದೊಡ್ಡವರಿಗೆ ಬೇಸರ, ಚಿಕ್ಕವರಿಗೆ ಅಳು.

ಸಾಮಾನಿನ ಮೇಲೂ ಸಂಖ್ಯೆ ನಿಲ್ಲುತ್ತದೆ. ಚೆಸ್‌ಗೆ ಸಮಸಂಖ್ಯೆ ಬೇಕು: 14 ಮಕ್ಕಳು, 7 ಬೋರ್ಡ್, ಕಳೆದ ಕಾಯಿಗಳಿಗೆಂದು ಒಂದು ಹೆಚ್ಚುವರಿ ಸೆಟ್. ಒಬ್ಬರು ಗೈರಾದ ದಿನ ಒಂಟಿಯಾದವರಿಗೆ ಬಿಡಿಸಲು ನಾಲ್ಕೈದು ಚೆಸ್ ಸಮಸ್ಯೆಗಳನ್ನು ಕಾಗದದ ಮೇಲೆ ಸಿದ್ಧ ಮಾಡಿಡಿ. ರೋಬಾಟ್ ಜೋಡಿಸುವ ಕಿಟ್ ಇಬ್ಬರಿಗೆ ಒಂದು. ಮೂವರಿಗೆ ಒಂದು ಕೊಟ್ಟರೆ ಮೂರನೆಯ ಮಗು 8 ವಾರ ಬರೀ ನೋಡುತ್ತ ಕೂರುತ್ತದೆ, ಅದು ಸಾಮಾನ್ಯವಾಗಿ ಮೆತ್ತಗಿನ ಸ್ವಭಾವದ ಮಗುವೇ ಆಗಿರುತ್ತದೆ. ಜೇಡಿಮಣ್ಣಾದರೆ ಒಂದು ವಾರ ಯಾರೂ ಮುಟ್ಟದ ಕಪಾಟು ಬೇಕು. ಹೆಬ್ಬೆರಳಿಗಿಂತ ದಪ್ಪ ಮಾಡಿದ ವಸ್ತು ಹೊರಗೆ ಬೇಗ, ಒಳಗೆ ನಿಧಾನ ಒಣಗಿ ಬಿರುಕು ಬಿಡುತ್ತದೆ. ಮಣ್ಣು ಹಸಿ ಇರುವಾಗಲೇ ಅಡಿಯಲ್ಲಿ ಕಡ್ಡಿಯಿಂದ ಮಗುವಿನ ಹೆಸರು ಗೀಚಿಸಿ. ಒಣಗಿದ ಮೇಲೆ 12 ಬಟ್ಟಲುಗಳಲ್ಲಿ ನಿನ್ನದು ಯಾವುದು ಎಂದು ಹುಡುಕುವುದು ಕಷ್ಟ.

ಶುಲ್ಕದ ಲೆಕ್ಕ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ತರಗತಿ ತುಂಬುತ್ತದೆ ಎಂದುಕೊಂಡು ಲೆಕ್ಕ ಹಾಕುವುದು. ಶುಲ್ಕವನ್ನು ಯಾವಾಗಲೂ ಕನಿಷ್ಠ ಸಂಖ್ಯೆಯ ಮೇಲೆ ನಿಗದಿ ಮಾಡಿ. ಹಣವನ್ನು ಪಾಲುಗಳಲ್ಲಿ ಎಣಿಸೋಣ. 8 ವಾರಕ್ಕೆ ಕಲಿಸುವವರ ಸಂಭಾವನೆ 80 ಪಾಲು, ಸಾಮಾನಿಗೆ ಮಗುವಿಗೆ 2 ಪಾಲು. ಜಾಗ 12, ತರಗತಿ ನಡೆಯಲು ಬೇಕಾದ ಕನಿಷ್ಠ ಸಂಖ್ಯೆ 8. ಎಂಟರಿಂದ ಭಾಗಿಸಿದರೆ 10, ಸಾಮಾನು ಸೇರಿ ಮಗುವಿಗೆ 12 ಪಾಲು. ಹನ್ನೆರಡರಿಂದ ಭಾಗಿಸಿ ಸುಮಾರು 8.7 ಪಾಲು ಎಂದು ಪ್ರಕಟಿಸಿ, ಬಂದದ್ದು 8 ಮಕ್ಕಳಾದರೆ, ಖರ್ಚು 96 ಪಾಲು, ಬಂದ ಹಣ 70 ಪಾಲೂ ಇಲ್ಲ.

12 ಪಾಲಿನ ಶುಲ್ಕದಲ್ಲಿ ಇನ್ನೊಂದು ಅನುಕೂಲವಿದೆ. ತರಗತಿ ತುಂಬಿದರೆ ಒಟ್ಟು ಖರ್ಚು 104 ಪಾಲು. 9 ಮಕ್ಕಳ ಶುಲ್ಕವೇ 108. ಅಂದರೆ ಉಳಿದ 3 ಜಾಗವನ್ನು ಕೊಡಲಾಗದವರಿಗೆ ಉಚಿತವಾಗಿ ಕೊಡಬಹುದು. ಕೊಡಲೇಬೇಕು. ಈ ತರಗತಿಗಳಿಂದ ಹೆಚ್ಚು ಪ್ರಯೋಜನ ಪಡೆಯುವ ಮಕ್ಕಳೇ ಶುಲ್ಕದ ಕಾರಣಕ್ಕೆ ಹೊರಗುಳಿಯಬಾರದು. ಉಚಿತ ಜಾಗಕ್ಕೆ ಬೇರೆ ಫಾರಂ, ಬೇರೆ ಸಾಲು ಬೇಡ. ಯಾರು ಹಣ ಕೊಟ್ಟಿಲ್ಲ ಎಂಬುದು ಕಲಿಸುವವರಿಗೂ ತಿಳಿಯಬೇಕಿಲ್ಲ.

ದಾಖಲಾತಿ

ಮೊದಲು ಬಂದವರಿಗೆ ಮೊದಲ ಜಾಗ ಎಂದರೆ ಕೆಲಸದ ಮಧ್ಯೆ ಫೋನ್ ನೋಡಲಾಗದ ತಂದೆತಾಯಿಯ ಮಕ್ಕಳಿಗೆ ಜಾಗ ಸಿಗುವುದಿಲ್ಲ. ಒಂದು ವಾರ ಅರ್ಜಿ ತೆಗೆದುಕೊಂಡು, ಹೆಚ್ಚಾದಲ್ಲಿ ಚೀಟಿ ಎತ್ತಿ. ಉಳಿದವರನ್ನು ಕಾಯುವ ಪಟ್ಟಿಗೆ ಹಾಕಿ.

ಫಾರಂನಲ್ಲಿ ಇವಿಷ್ಟು ಇರಲಿ: ಮಗುವಿನ ಹೆಸರು, ತರಗತಿ ಮತ್ತು ವಿಭಾಗ, ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಫೋನ್ ನಂಬರ್, ಅಲರ್ಜಿ, ತೆಗೆದುಕೊಳ್ಳುವ ಔಷಧ, ಕರೆದೊಯ್ಯಬಹುದಾದವರ ಹೆಸರುಗಳು, ಯಾವ ದಿನ ಹೇಗೆ ಮನೆಗೆ ಹೋಗುತ್ತದೆ ಎಂಬುದು. ಕೊನೆಯದನ್ನು ಬಿಟ್ಟರೆ ಮೊದಲ ದಿನವೇ ಪೆಟ್ಟು ತಿನ್ನುತ್ತೀರಿ.

ಬೆಲ್ ಹೊಡೆದ ಮೊದಲ 15 ನಿಮಿಷ

ಆ ದಿನ ಉಳಿಯಬೇಕಾದ ಮಕ್ಕಳ ಪಟ್ಟಿ ಮಧ್ಯಾಹ್ನದೊಳಗೆ ಪ್ರತಿ ತರಗತಿ ಶಿಕ್ಷಕರ ಮೇಜಿನ ಮೇಲಿರಬೇಕು. ಶಾಲಾ ವ್ಯಾನಿನವರಿಗೂ ಒಂದು ಪ್ರತಿ. ಮೊದಲ ವಾರ ಕಾಣೆಯಾಗುವ ಮಕ್ಕಳಲ್ಲಿ ಹೆಚ್ಚಿನವರು ಎಂದಿನಂತೆ ವ್ಯಾನ್ ಹತ್ತಿ ಹೊರಟಿರುತ್ತಾರೆ. ಒಂದು, ಎರಡನೇ ತರಗತಿಯವರ ಬ್ಯಾಗಿಗೆ ಬಣ್ಣದ ಪಟ್ಟಿ ಕಟ್ಟಿ (ಚೆಸ್‌ಗೆ ನೀಲಿ, ನಾಟಕಕ್ಕೆ ಕೆಂಪು), ಒಬ್ಬರು ಕೋಣೆಯಿಂದ ಕೋಣೆಗೆ ಹೋಗಿ ಅವರನ್ನು ಕರೆತರಲಿ. ದೊಡ್ಡ ಮಕ್ಕಳು ಗೊತ್ತಾದ ಒಂದೇ ಜಾಗಕ್ಕೆ ತಾವೇ ಬರಲಿ.

ಬಂದ ಕೂಡಲೇ ಹಾಜರಿ. ಯಾವುದಾದರೂ ಹೆಸರಿಗೆ ಉತ್ತರ ಬಾರದಿದ್ದರೆ ಮೊದಲು ಆ ದಿನದ ಶಾಲಾ ಹಾಜರಿ ನೋಡಿ, ನಂತರ ತರಗತಿ ಶಿಕ್ಷಕರನ್ನು ಕೇಳಿ, ಆಮೇಲೆ ಮನೆಗೆ ಫೋನ್ ಮಾಡಿ. ಇಷ್ಟೂ 10 ನಿಮಿಷದೊಳಗೆ ಆಗಬೇಕು. ‘ರಜೆ ಹಾಕಿರಬಹುದು’ ಎಂದು ಊಹಿಸಿ ತರಗತಿ ಶುರು ಮಾಡಬೇಡಿ.

ಹಸಿದ ಮಗು ಕಲಿಯುವುದಿಲ್ಲ. 10 ನಿಮಿಷ ತಿಂಡಿ, ನೀರು, ಶೌಚಾಲಯಕ್ಕೆ ಕೊಡಿ. ಅಲರ್ಜಿಯ ಕಾರಣಕ್ಕೆ ಡಬ್ಬಿ ಹಂಚಿಕೊಳ್ಳುವುದು ಬೇಡ. ದಿನವಿಡೀ ಕೂತು ಬಂದವರಾದ್ದರಿಂದ ಮೊದಲ 5 ನಿಮಿಷ ಮೈ ಅಲ್ಲಾಡುವ ಆಟ, ನಂತರ 35 ನಿಮಿಷ ಕಲಿಕೆ. ಕೊನೆಯ 10 ನಿಮಿಷ ಕೋಣೆ ಓರಣ ಮಾಡಲು, ಮತ್ತು ಅದನ್ನು ಮಕ್ಕಳೇ ಮಾಡಬೇಕು. ಈ 10 ನಿಮಿಷವನ್ನು ಪಾಠ ನುಂಗಿದರೆ ಬಿಡುವ ಹೊತ್ತು ಗೊಂದಲವಾಗುತ್ತದೆ.

ಒಪ್ಪಿಸುವುದು

ಗೇಟು ಒಂದೇ, ಪಟ್ಟಿ ಹಿಡಿದು ನಿಲ್ಲುವವರು ಒಬ್ಬರೇ. ಕರೆದೊಯ್ಯುವವರು ಸಮಯ ಬರೆದು ಸಹಿ ಹಾಕಲಿ. ಪಟ್ಟಿಯಲ್ಲಿ ಇಲ್ಲದವರು ಬಂದು ‘ನಾನು ಚಿಕ್ಕಪ್ಪ, ಬೇಕಾದರೆ ಈ ನಂಬರಿಗೆ ಮಾಡಿ’ ಎಂದರೆ, ಅವರು ಕೊಟ್ಟ ನಂಬರಿಗೆ ಮಾಡಬೇಡಿ, ಫಾರಂನಲ್ಲಿರುವ ನಂಬರಿಗೇ ಮಾಡಿ. ಮಗು ಅವರನ್ನು ಗುರುತಿಸಿ ಓಡಿಹೋದರೂ ಇದೇ ನಿಯಮ.

ತಡವಾಗಿ ಬರುವವರು ಇದ್ದೇ ಇರುತ್ತಾರೆ. ಕೊನೆಯ ಮಗು ಹೊರಡುವ ತನಕ ಇಬ್ಬರು ದೊಡ್ಡವರು ಉಳಿಯಬೇಕು ಎಂಬುದನ್ನು ಸರದಿ ಪಟ್ಟಿಯಲ್ಲೇ ಬರೆಯಿರಿ. 15 ನಿಮಿಷ ಕಳೆದರೆ ಎರಡನೇ ನಂಬರಿಗೆ ಫೋನ್. ಪದೇ ಪದೇ ತಡವಾದರೆ ಮಾತಾಡುವುದು ಪೋಷಕರ ಜೊತೆ, ಮಗು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಲ್ಲ. ತನ್ನದಲ್ಲದ ತಪ್ಪಿಗೆ ಬ್ಯಾಗ್ ತಬ್ಬಿಕೊಂಡು ಕೂತ ಮಗುವಿಗೆ ಆ ಹೊತ್ತಿನಲ್ಲಿ ಒಂದು ಬಣ್ಣದ ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.

ಮೂರನೇ ವಾರ

ಹೊಸತನ ಇಳಿಯುವುದು ಈ ಹೊತ್ತಿಗೆ. ಒಂದು ತರಗತಿಯಲ್ಲಿ 12ರಲ್ಲಿ 9 ಮಕ್ಕಳು ಉಳಿದರೆ, ಬಿಟ್ಟ ಮೂವರ ಮನೆಗೂ ಫೋನ್ ಮಾಡಿ ಕಾರಣ ಕೇಳಿ. ಪಾಠ ಕಷ್ಟವಾಯಿತೇ, ಬಸ್ ತಪ್ಪಿತೇ, ಪಕ್ಕದವನು ಕಾಡಿದನೇ ಎಂಬುದಕ್ಕೆ ಬೇರೆ ಬೇರೆ ಪರಿಹಾರ ಬೇಕು. ಖಾಲಿಯಾದ ಜಾಗವನ್ನು ಕಾಯುವ ಪಟ್ಟಿಯವರಿಗೆ ಆ ವಾರವೇ ಕೊಡಿ. ನಾಲ್ಕನೇ ವಾರ ದಾಟಿದ ಮೇಲೆ ಸೇರಿದ ಮಗುವಿಗೆ ಉಳಿದವರ ಜೊತೆ ಹೆಜ್ಜೆ ಹಾಕುವುದು ಕಷ್ಟ.