ನನ್ನ ಡಿಟಿಪಿ ಅಂಗಡಿ ಮತ್ತು 30 ರೂಪಾಯಿಯ ಸಿಡಿ

2006ರಲ್ಲಿ ತಿಪಟೂರಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸಿಕೊಡುವ) ಅಂಗಡಿ ಇಟ್ಟಾಗ ಕುರ್ಚಿ, ಟೇಬಲ್ಲು, ಯುಪಿಎಸ್ಸು, ಲೇಸರ್ ಪ್ರಿಂಟರ್ ಎಲ್ಲಕ್ಕೂ ಬಿಲ್ ಇತ್ತು. ಬೋರ್ಡ್ ಬರೆದವರಿಗೂ ಚೌಕಾಸಿ ಮಾಡದೆ ದುಡ್ಡು ಕೊಟ್ಟಿದ್ದೆ. ಬಿಲ್ ಇಲ್ಲದೆ ಬಂದದ್ದು ಒಂದೇ: ಗೆಳೆಯ ಬೆಂಗಳೂರಿಂದ ತಂದುಕೊಟ್ಟ 30 ರೂಪಾಯಿಯ ಸಿಡಿ. ಅದರಲ್ಲಿ ಪುಟ ಜೋಡಿಸುವ, ಚಿತ್ರ ಬಿಡಿಸುವ ಸಾಫ್ಟ್‌ವೇರುಗಳ ಕಳ್ಳ ಪ್ರತಿ: ಪೇಜ್‌ಮೇಕರ್ 7, ಕೋರಲ್‌ಡ್ರಾ, ಫೋಟೋಶಾಪ್, ಜೊತೆಗೆ ‘ಕನ್ನಡ ಫಾಂಟ್ಸ್’ ಅಂತ, ಥರಾವರಿ ಅಕ್ಷರ ವಿನ್ಯಾಸಗಳ ಒಂದು ಫೋಲ್ಡರ್. ಸೀರಿಯಲ್ ನಂಬರನ್ನು ಕವರ್ ಮೇಲೆ ಪೆನ್ನಲ್ಲಿ ಬರೆದಿದ್ದರು.

ತಪ್ಪು ಅನ್ನಿಸಲಿಲ್ಲವಾ? ನಿಜ ಹೇಳಬೇಕಂದ್ರೆ, ಇಲ್ಲ. ಯಾರಾದರೂ ಕೇಳಿದರೆ ಉತ್ತರ ಬಾಯಲ್ಲೇ ಇತ್ತು. “ಅಮೆರಿಕದ ಕಂಪನಿ ಸ್ವಾಮಿ, ನನ್ನ ದುಡ್ಡು ಹೋಗದಿದ್ರೆ ಅವರ ಮನೆ ಒಲೆ ಉರಿಯಲ್ವಾ?” (ಕೋರಲ್ ಕೆನಡಾದ್ದು ಅಂತ ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು.) ಗೊತ್ತಿದ್ದೂ ಕಳ್ಳ ಪ್ರತಿ ಬಳಸಿ ದುಡಿದರೆ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ನಿನಲ್ಲಿ ಕನಿಷ್ಠ 7 ದಿನ ಜೈಲು, 50 ಸಾವಿರ ದಂಡ ಅಂತ ಇದೆ. ಅದನ್ನು ಓದಿಯೂ ಹೆದರಿದವನಲ್ಲ ನಾನು.

ಆ ಫಾಂಟ್ ಫೋಲ್ಡರಿನ ಬಗ್ಗೆ ಮಾತ್ರ ಯೋಚನೆಯನ್ನೇ ಮಾಡಿರಲಿಲ್ಲ. ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಪುಕ್ಕಟೆಯಾಗಿಯೇ ಸಿಗುತ್ತಿತ್ತು. ಆದರೆ ಲಗ್ನಪತ್ರಿಕೆಯ ಹೆಸರಿಗೆ, ಫ್ಲೆಕ್ಸಿನ ತಲೆಬರಹಕ್ಕೆ ಬಳುಕುವ ಅಕ್ಷರ ಬೇಕಲ್ಲ. ಅವೆಲ್ಲ ಆ ಫೋಲ್ಡರಿನಿಂದ. ಅವನ್ನು ಮಾಡಿದವರು ಇಲ್ಲಿಯವರೇ. ಆಗ ಶ್ರೀಲಿಪಿಯಂಥ ಫಾಂಟ್ ಪ್ಯಾಕೇಜುಗಳ ಅಸಲಿ ಪ್ರತಿ ಕಂಪ್ಯೂಟರಿನ ಹಿಂದೆ ಚುಚ್ಚುವ ‘ಲಾಕ್’ ಸಮೇತ ಬರುತ್ತಿತ್ತು. ಲಾಕ್ ಇಲ್ಲದೆ ಓಡುವ ಕಾಪಿ ಸಿಕ್ಕಿದರೆ ನಮಗೆ ಹಬ್ಬ.

2017ರಲ್ಲಿ ಒಂದು ಶಾಲೆಯ ಸ್ಮರಣ ಸಂಚಿಕೆ ಬಂತು. ಎಲ್ಲೂ ನೋಡಿರದ ಅಕ್ಷರ ಬೇಕು ಅಂದರು. ನಾನೇ ಫಾಂಟ್ ಮಾಡಿಬಿಡೋಣ ಅಂತ ಫಾಂಟ್‌ಫೋರ್ಜ್ ಹಾಕಿಕೊಂಡು ಕೂತೆ. ವರ್ಣಮಾಲೆಯ 49 ಅಕ್ಷರ ಬರೆದರೆ ಮುಗೀತು ಅನ್ನೋ ಲೆಕ್ಕ ನನ್ನದು. ‘ಕ’ ಚೆನ್ನಾಗಿ ಬಂತು. ‘ಕಿ’ಗೆ ಬರುವಾಗ ತಲೆಕಟ್ಟು ತೆಗೆದು ಗುಡಿಸು ಕೂರಿಸಬೇಕು. ‘ಕ’ಗೆ ಕೂತ ಗುಡಿಸು ‘ಮ’ಗೆ ಕೂರಲ್ಲ. ಒಂದೊಂದಕ್ಕೂ ಬೇರೆ ಬರೆಯಬೇಕು. ಆಮೇಲೆ ಒತ್ತು. ಮೂರನೇ ವಾರ ‘ರಾಷ್ಟ್ರೀಯ’ ಅಂತ ಟೈಪ್ ಮಾಡಿ ನೋಡಿದೆ. ಟ ಒತ್ತಿನ ಹೆಗಲ ಮೇಲೆ ರ ಒತ್ತು ಹತ್ತಿ ಕೂತಿತ್ತು. ಕೊನೆಗೆ ಸಂಚಿಕೆಯ ಹೆಸರಿಗೆ ಬೇಕಾದ ಏಳು ಅಕ್ಷರ ಮಾತ್ರ ಕೋರಲ್‌ನಲ್ಲಿ ಬಿಡಿಸಿ ಕೊಟ್ಟು ಕೈ ತೊಳೆದುಕೊಂಡೆ.

ಅವತ್ತು ರಾತ್ರಿ ಆ ಫೋಲ್ಡರ್ ತೆರೆದು ಎಣಿಸಿದೆ. 64 ಫಾಂಟ್. ನನ್ನ ಕೈಲಿ ಒಂದು ಆಗಿರಲಿಲ್ಲ.

ಕಳ್ಳ ಪ್ರತಿಗಳನ್ನು ಬದಲಾಯಿಸಲು ಒಂದೂವರೆ ವರ್ಷ ಹಿಡಿಯಿತು. ಮೊದಲು ದುಡ್ಡು ಕೊಟ್ಟದ್ದು ಫಾಂಟಿಗೆ. ದಿನಾ ಬಳಸುತ್ತಿದ್ದದ್ದು ಎಂಟೋ ಒಂಬತ್ತೋ ಅಷ್ಟೇ. ಅಷ್ಟಕ್ಕೆ ಬೇಕಾದ ಪ್ಯಾಕೇಜ್ ಕೊಂಡು ಉಳಿದವನ್ನು ಅಳಿಸಿದೆ. ಆಮೇಲೆ ಡಿಸೈನ್ ಮಾಡುವ ಒಂದು ಕಂಪ್ಯೂಟರಿಗೆ ಮಾತ್ರ ಕೋರಲ್ ಲೈಸೆನ್ಸ್. ಉಳಿದ ಎರಡಕ್ಕೆ ಪುಕ್ಕಟೆ ಸಿಗುವ ಇಂಕ್‌ಸ್ಕೇಪ್, ಜಿಂಪ್, ಸ್ಕ್ರೈಬಸ್. ನಮ್ಮ ಆಪರೇಟರ್ ಹುಡುಗ ಮೊದಲ ವಾರ “ಅಣ್ಣಾ, ಇದ್ರಲ್ಲಿ ಯಾವ್ದೂ ಇದ್ದ ಜಾಗದಲ್ಲಿಲ್ಲ” ಅಂತ ಅಳುವುದೊಂದು ಬಾಕಿ. ಸ್ಕ್ರೈಬಸ್‌ನ ಹಳೇ ಆವೃತ್ತಿಯಲ್ಲಿ ಕನ್ನಡದ ಒತ್ತು ಚೆಲ್ಲಾಪಿಲ್ಲಿ ಆಗುತ್ತಿತ್ತು, 1.5 ಸರಣಿಯಲ್ಲಿ ಸರಿಹೋಗಿತ್ತು. ನಮ್ಮ ಪುಣ್ಯ.

ಒಂದು ಸಲ ಮಾತ್ರ ಕೈ ಸುಟ್ಟಿತು. ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಲಗ್ನಪತ್ರಿಕೆಯನ್ನು ಹಾಗೇ ಪ್ರೆಸ್ಸಿಗೆ ಕಳಿಸಿದೆ. ಅದರ ಬಣ್ಣ ತೆರೆಗೆ ಹೊಂದುವ ಆರ್‌ಜಿಬಿ, ಪ್ರೆಸ್ಸಿಗೆ ಬೇಕಾದ್ದು ನಾಲ್ಕು ಶಾಯಿಯ ಸಿಎಂವೈಕೆ. ತೆರೆಯ ಮೇಲೆ ಕುಂಕುಮದ ಕೆಂಪು, ಕಾಗದದ ಮೇಲೆ ಇಟ್ಟಿಗೆ ಪುಡಿ. 500 ಪತ್ರಿಕೆ ನನ್ನ ಖರ್ಚಲ್ಲೇ ಮತ್ತೆ ಹಾಕಿಸಿಕೊಟ್ಟೆ. ಈಗ ಚಿತ್ರ ಇಂಕ್‌ಸ್ಕೇಪ್‌ನಲ್ಲಿ, ಬಣ್ಣ ಕೂರಿಸುವುದು ಸ್ಕ್ರೈಬಸ್‌ನಲ್ಲಿ.

ಪುಟಕ್ಕೆ 5 ರೂಪಾಯಿ ಜಾಸ್ತಿ ಮಾಡಿದೆ. ಇಬ್ಬರು ಹಳೇ ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಒಬ್ಬರು ವಾಪಸ್ ಬಂದರು.

ಈಗ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಓದಲು ಬರುವ ಯೂನಿಕೋಡ್‌ನಲ್ಲಿ ಪುಕ್ಕಟೆ ಸಿಗುವ ಚೆಂದದ ಫಾಂಟುಗಳೇ ಸಾಕಷ್ಟಿವೆ. ‘ಬಲೂ ತಮ್ಮ’ ನನಗೆ ಬಹಳ ಇಷ್ಟ. ಅದೇ ಫಾಂಟ್ ತಮಿಳಿಗೆ ‘ಬಲೂ ತಂಬಿ’, ಮಲಯಾಳಕ್ಕೆ ‘ಬಲೂ ಚೇಟ್ಟನ್’. ಮುಕ್ತ ಲೈಸೆನ್ಸಿನವು ಇವು. ಲಗ್ನಪತ್ರಿಕೆ ಮಾಡಿ ದುಡಿಯಬಹುದು, ಬರೀ ಫಾಂಟನ್ನೇ ಮಾರುವ ಹಾಗಿಲ್ಲ. ಮಾಡಿದವರೇ ಕೊಟ್ಟದ್ದಕ್ಕೂ ನಾವೇ ಎತ್ತಿಕೊಂಡದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ಆದರೂ ವರ್ಷಕ್ಕೊಮ್ಮೆ ಇಂಕ್‌ಸ್ಕೇಪ್‌ನವರಿಗೆ ಒಂದಿಷ್ಟು ಕಳಿಸುತ್ತೇನೆ.

ಪೇಜ್‌ಮೇಕರ್ ಮಾತ್ರ ಪೂರ್ತಿ ಬಿಟ್ಟಿಲ್ಲ. ಅದರ ಕೊನೆಯ ಆವೃತ್ತಿ 2001ರದ್ದು. ಈಗ ಕೊಳ್ಳೋಣ ಅಂದರೂ ಮಾರುವವರಿಲ್ಲ. ನನ್ನ ಹಳೇ ಫೈಲುಗಳೆಲ್ಲ ಅದರಲ್ಲೇ ಇವೆ. ಮೂಲೆಯಲ್ಲಿ ಒಂದು ಎಕ್ಸ್‌ಪಿ ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಹೊಸ ಕೆಲಸ ಮಾಡಲ್ಲ, ಹಳೇದನ್ನು ತೆಗೆದು ಯೂನಿಕೋಡಿಗೆ ಬದಲಿಸುವುದಕ್ಕೆ ಮಾತ್ರ. ಅದೂ ಕಳ್ಳ ಪ್ರತಿಯೇ, ಇಲ್ಲ ಅನ್ನಲ್ಲ.

ಮೊನ್ನೆ ಮೇಷ್ಟ್ರೊಬ್ಬರು 2009ರ ತಮ್ಮ ಕವನ ಸಂಕಲನವನ್ನು ಮತ್ತೆ ಅಚ್ಚು ಹಾಕಿಸಲು ಬಂದರು. ಬದಲಿಸುವಾಗ ಅಲ್ಲಲ್ಲಿ ಅರ್ಕಾವತ್ತು ಕೈಕೊಡುತ್ತೆ, ಇನ್ನೊಂದ್ಸಲ ಪ್ರೂಫ್ ನೋಡಿ ಸಾರ್ ಅಂದೆ. “ಹೋದ ಸಲವೇ ನೋಡಿದ್ನಲ್ಲಪ್ಪಾ” ಅಂತ ಗೊಣಗಿಕೊಂಡು ಹೋದರು. ಎರಡು ದಿನ ಬಿಟ್ಟು ಬಂದು, ಹೋದ ಸಲದ್ದೇ ಮೂರು ತಪ್ಪು ತೋರಿಸಿದರು.