ಗಲ್ಫಿನಿಂದ ಬಂದ ಮೇಲೆ ಹಳೆಯ ಐಟಿ ರಿಟರ್ನ್‌ಗಳನ್ನು ತೀರಿಸಿದ ಬಗೆ

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯಿಂದ ದುಬೈ, ಸೌದಿಗೆ ದುಡಿಯಲು ಹೋಗಿ ಬಂದವರಿಗೆ ಒಂದು ಭಯ ಇದ್ದೇ ಇರುತ್ತದೆ: ಇಷ್ಟು ವರ್ಷ ರಿಟರ್ನ್ ಹಾಕಿಲ್ಲ, ಅಲ್ಲಿನ ಸಂಬಳಕ್ಕೆಲ್ಲ ಈಗ ಇಲ್ಲಿ ತೆರಿಗೆ ಕೇಳುತ್ತಾರೆ. ನನ್ನ ವರ್ಷಗಳನ್ನು ಒಂದೊಂದಾಗಿ ಬಿಡಿಸಿದಾಗ ಖಾತ್ರಿಯಾಗಿದ್ದು ಇಷ್ಟು: ನಡುವಿನ ವರ್ಷಗಳಲ್ಲಿ ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ತೊಡಕಿರುವುದು ಹೋದ ವರ್ಷ ಮತ್ತು ಬಂದ ವರ್ಷದಲ್ಲಿ. ಹಾಗಾಗಿ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ಲಿಗೆ ಲಾಗಿನ್ ಆಗುವ ಮೊದಲು ಪಾಸ್‌ಪೋರ್ಟ್ ಹಿಡಿದು ಕೂರಬೇಕು.

ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ವರ್ಷಕ್ಕೊಂದು ಸಾಲು ಬರೆದು, ಆ ಅವಧಿಯಲ್ಲಿ ಊರಲ್ಲಿದ್ದ ದಿನಗಳನ್ನು ಸೀಲು ನೋಡಿ ತುಂಬಿದೆ. ಬಂದಿಳಿದ ದಿನ, ವಿಮಾನ ಹತ್ತಿದ ದಿನ ಎರಡನ್ನೂ ಭಾರತದ ಲೆಕ್ಕಕ್ಕೇ ಹಾಕಿದೆ. ಹಾಗೆ ಎಣಿಸಿಯೂ ಮಿತಿಯೊಳಗಿದ್ದರೆ ಆಮೇಲೆ ಯಾರೂ ತಕರಾರು ತೆಗೆಯಲು ಬರುವುದಿಲ್ಲ. ಸೀಲು ಮಸುಕಾಗಿದ್ದರೆ ಟಿಕೆಟ್ಟಿನ ಇಮೇಲ್, ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳಿ. ಅವಧಿ ಮುಗಿದ ಹಳೆಯ ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಕೆಲಸಕ್ಕೆಂದು ದೇಶ ಬಿಟ್ಟ ಭಾರತೀಯ ಆ ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ, ಅದಕ್ಕಿಂತ ಕಡಿಮೆಯಾದರೆ ಅನಿವಾಸಿ. ಅಂದರೆ ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದವರಿಗೆ 181 ದಿನ, ಅವರು ಪಾರು. ದೀಪಾವಳಿ ಮುಗಿಸಿಕೊಂಡು ನವೆಂಬರಿನಲ್ಲಿ ಹೋದವರು ಆ ವರ್ಷ ನಿವಾಸಿಯೇ. ಅವರಿಗೆ ಮಾರ್ಚ್‌ವರೆಗೆ ದುಬೈಯಲ್ಲಿ ಬಂದ ಸಂಬಳವೂ ಇಲ್ಲಿನ ಆದಾಯಕ್ಕೆ ಸೇರುತ್ತದೆ. ಅಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲದ್ದರಿಂದ ಕಳೆಯಲು ಏನೂ ಇರುವುದಿಲ್ಲ. ದಿರ್ಹಮನ್ನು ರೂಪಾಯಿಗೆ ತಿರುಗಿಸುವಾಗ ಗೂಗಲ್ ದರ ಹಾಕಬಾರದು. ಸಂಬಳದ ತಿಂಗಳಿಗಿಂತ ಹಿಂದಿನ ತಿಂಗಳ ಕೊನೆಯ ದಿನ ಎಸ್‌ಬಿಐ ಪ್ರಕಟಿಸಿದ ಟಿಟಿ ಖರೀದಿ ದರವೇ (ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ) ಲೆಕ್ಕ.

ಬಂದ ವರ್ಷ ಇನ್ನೂ ಸೂಕ್ಷ್ಮ. ಅಕ್ಟೋಬರ್ 1ಕ್ಕೆ ಅಥವಾ ಅದಕ್ಕೆ ಮುಂಚೆ ಬಂದು ಇಲ್ಲೇ ನಿಂತರೆ 182 ದಿನ ತುಂಬಿ ನಿವಾಸಿಯಾಗುತ್ತೀರಿ. ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಊರಲ್ಲಿದ್ದವರಿಗೆ 60 ದಿನವೇ ಸಾಕು. ನಿವಾಸಿಯಾದವರಲ್ಲೂ ‘ಸಾಮಾನ್ಯ ನಿವಾಸಿಯಲ್ಲದವರು’ ಎಂಬ ಇನ್ನೊಂದು ವರ್ಗವಿದೆ, ಆರ್‌ಎನ್‌ಒಆರ್ ಎನ್ನುತ್ತಾರೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದದ್ದು 729 ದಿನ ಮೀರದಿದ್ದರೆ ಆ ವರ್ಗ. ವಿದೇಶದ ಸಂಬಳ ಆ ವರ್ಷವೂ ಹೊರಗುಳಿಯುತ್ತದೆ. ವರ್ಷಕ್ಕೆ 40 ದಿನ ರಜೆಗೆ ಬರುತ್ತಿದ್ದವರ ಲೆಕ್ಕ ಹಾಕಿ ನೋಡಿ. 6 ವರ್ಷ ಹೊರಗಿದ್ದವರಿಗೆ 240 ದಿನ ಮತ್ತು ಹೋಗುವ ಮುಂಚಿನ ಒಂದು ವರ್ಷದ 365, ಒಟ್ಟು 605, ಪಾಸು. 4 ವರ್ಷ ಮಾತ್ರ ಇದ್ದವರಿಗೆ ಮುಂಚಿನ 3 ವರ್ಷಗಳೇ 1,095 ದಿನ, ಫೇಲು. ಅಂಥವರು ಸೆಪ್ಟೆಂಬರಿನಲ್ಲಿ ಬಂದಿದ್ದರೆ ಏಪ್ರಿಲ್‌ನಿಂದ ಬಂದ ಗಲ್ಫ್ ಸಂಬಳಕ್ಕೆಲ್ಲ ಇಲ್ಲಿ ತೆರಿಗೆ. ಅಲ್ಲಿನ ಬ್ಯಾಂಕ್ ಖಾತೆಯನ್ನೂ ರಿಟರ್ನಿನ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ಅದನ್ನು ಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ ಈ ದಂಡವಿಲ್ಲ.

ನಡುವಿನ ವರ್ಷಗಳಿಗೆ ಇಲ್ಲಿನ ಆದಾಯ ಮಾತ್ರ ನೋಡಿದರೆ ಸಾಕು. ಪೋರ್ಟಲ್ಲಿನಿಂದ ಆಯಾ ವರ್ಷದ ಎಐಎಸ್ (ಇಲಾಖೆಗೆ ಗೊತ್ತಾದ ನಿಮ್ಮ ವ್ಯವಹಾರಗಳ ಪಟ್ಟಿ) ಮತ್ತು 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ಇಳಿಸಿಕೊಳ್ಳಿ. ಎಐಎಸ್ ಪಿಡಿಎಫ್‌ಗೆ ಪಾಸ್‌ವರ್ಡ್: ಪ್ಯಾನ್ ಸಂಖ್ಯೆ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿ ಹುಟ್ಟಿದ ತಾರೀಖು, ನಡುವೆ ಜಾಗ ಬೇಡ. ಎಫ್‌ಡಿ ಬಡ್ಡಿ, ಸೈಟಿನ ನೋಂದಣಿ ಅದರಲ್ಲಿ ಸಿಗುತ್ತವೆ. ವಿದ್ಯಾನಗರದ ಮನೆಯ ಬಾಡಿಗೆ ಸಿಗಲಿಕ್ಕಿಲ್ಲ, ಆದರೂ ತೋರಿಸಲೇಬೇಕು. ಪಾಲಿಕೆಗೆ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟ್ ರಿಪೇರಿ ಲೆಕ್ಕಕ್ಕೆ ಬಿಡುತ್ತಾರೆ. ಕಂದಾಯದ ರಸೀದಿ ಇಟ್ಟುಕೊಳ್ಳಿ.

ಅನಿವಾಸಿಗಳು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ ನಿಜ, ಆದರೆ ಖಾಯಂ ವಾಪಸು ಬಂದ ದಿನದಿಂದ ಆ ವಿನಾಯಿತಿ ನಿಲ್ಲುತ್ತದೆ. ಅದು ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಮೇಲೆ ನಿಂತಿದೆ, 182 ದಿನದ ಮೇಲಲ್ಲ. ಬಂದ ವರ್ಷ ಅನಿವಾಸಿಯೇ ಆಗಿದ್ದವರೂ ಇದನ್ನು ಬೇರೆಯಾಗಿ ನೋಡಬೇಕು.

ಚನ್ನಗಿರಿ ಕಡೆ ಅಡಿಕೆ ತೋಟ ಇದ್ದವರು ಪಹಣಿ ಯಾರ ಹೆಸರಲ್ಲಿದೆ, ಮಂಡಿಯ ಪಟ್ಟಿ ಯಾರ ಹೆಸರಲ್ಲಿದೆ ನೋಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಬೇರೆ ಆದಾಯ ವಿನಾಯಿತಿ ಮಿತಿ ದಾಟಿದ್ದರೆ ತೆರಿಗೆ ದರ ಗೊತ್ತುಮಾಡಲು ಅದನ್ನೂ ಕೂಡಿಸುತ್ತಾರೆ. ನಿವ್ವಳ ಕೃಷಿ ಆದಾಯ 5 ಲಕ್ಷ ಮೀರಿದರೆ ರಿಟರ್ನ್ ಫಾರ್ಮು ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಖುಷ್ಕಿಯೋ ಎಲ್ಲ ಕೇಳುತ್ತದೆ. ಜಮೀನು ಮಾರಿದ್ದರೆ ದೂರ ಅಳೆಯಿರಿ. ದಾವಣಗೆರೆ ಅಥವಾ ಚಿತ್ರದುರ್ಗ ನಗರದ ಗಡಿಯಿಂದ ನೇರ ಅಳತೆಯಲ್ಲಿ 6 ಕಿ.ಮೀ. ಒಳಗಿನ ಹೊಲ ಮಾರಿದರೆ ಬಂಡವಾಳ ಲಾಭದ ತೆರಿಗೆ ಇದೆ. ಹರಿಹರದ ಜನಸಂಖ್ಯೆ ಲಕ್ಷದೊಳಗಿರುವುದರಿಂದ ಅಲ್ಲಿ 2 ಕಿ.ಮೀ.

ಆದಾಯ ಕಡಿಮೆ ಇರುವವರಿಗೆ ತೆರಿಗೆ ಬಿಟ್ಟುಕೊಡುವ 87ಎ ರಿಯಾಯಿತಿ ಅನಿವಾಸಿಗೆ ಸಿಗುವುದಿಲ್ಲ. ಸೈಟು ಮಾರಿದ ದೀರ್ಘಾವಧಿ ಲಾಭದಲ್ಲಿ ಮೂಲ ವಿನಾಯಿತಿ ಮಿತಿಯನ್ನು ಕಳೆಯಲೂ ಬಿಡುವುದಿಲ್ಲ. ನಿವಾಸಿಗಳ ಲೆಕ್ಕ ನೋಡಿಕೊಂಡು ‘ತೆರಿಗೆ ಸೊನ್ನೆ’ ಎಂದುಕೊಂಡವರು ಸಿಕ್ಕಿಕೊಳ್ಳುವುದು ಇಲ್ಲಿಯೇ.

ಇಷ್ಟಾದ ಮೇಲೆ ಪ್ರತಿ ವರ್ಷಕ್ಕೂ ಯಾವ ದಾರಿ ಎಂದು ಗುರುತು ಹಾಕಿದೆ. ಇಲ್ಲಿನ ಆದಾಯ ವಿನಾಯಿತಿ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ರಿಟರ್ನೇ ಬೇಡ. ಆದರೆ 2021-22ರಿಂದ, ವರ್ಷದಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) 25,000 ಮುಟ್ಟಿದ್ದರೆ ಅಥವಾ ಉಳಿತಾಯ ಖಾತೆಗೆ 50 ಲಕ್ಷ ಜಮೆ ಆಗಿದ್ದರೆ ಹಾಕಲೇಬೇಕು. ತಡವಾದ ರಿಟರ್ನಿಗೆ ಅಸೆಸ್‌ಮೆಂಟ್ ವರ್ಷದ (ಆದಾಯ ಬಂದ ವರ್ಷದ ಮುಂದಿನ ವರ್ಷದ) ಡಿಸೆಂಬರ್ 31 ಕೊನೆ. ಅದೂ ದಾಟಿ, ತೆರಿಗೆ ಬಾಕಿ ಇದ್ದರೆ ಐಟಿಆರ್-ಯು ಎಂಬ ನವೀಕೃತ ರಿಟರ್ನ್. ಅಸೆಸ್‌ಮೆಂಟ್ ವರ್ಷ ಮುಗಿದು 12 ತಿಂಗಳೊಳಗೆ ಹಾಕಿದರೆ ತೆರಿಗೆ ಮತ್ತು ಬಡ್ಡಿ ಸೇರಿದ ಮೊತ್ತದ 25 ಪರ್ಸೆಂಟ್ ಹೆಚ್ಚುವರಿ, 24ರೊಳಗೆ 50, 36ರೊಳಗೆ 60, 48ರೊಳಗೆ 70. ಉದಾಹರಣೆಗೆ ಮೂರನೇ ವರ್ಷದಲ್ಲಿ ಹಾಕುವವರಿಗೆ ತೆರಿಗೆ 40,000, ಬಡ್ಡಿ 12,000 ಇದ್ದರೆ ಹೆಚ್ಚುವರಿ 31,200, ತಡದ ಶುಲ್ಕ 5,000, ಒಟ್ಟು 88,200. 2021-22ರ ಆದಾಯಕ್ಕೆ ಈ ಬಾಗಿಲು 2027ರ ಮಾರ್ಚ್ 31ಕ್ಕೆ ಮುಚ್ಚುತ್ತದೆ. 2023-24ರಿಂದ ಈಚಿನ ಸಂಬಳ, ಬಾಡಿಗೆ, ಬಡ್ಡಿಯ ಆದಾಯಕ್ಕೆ ತಡವಾಗಿ ಹಾಕಿದರೆ ಹಳೆಯ ಪದ್ಧತಿ ಸಿಗುವುದಿಲ್ಲ, ಎಲ್‌ಐಸಿ ಕಂತಿನ 80ಸಿ ಕಡಿತವೂ ಹೋಗುತ್ತದೆ.

ಅನಿವಾಸಿಗಳು ಇಲ್ಲಿನ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ಬ್ಯಾಂಕು 31.2 ಪರ್ಸೆಂಟ್ ಹಿಡಿದು, ನಿಜವಾದ ತೆರಿಗೆ ಅದಕ್ಕಿಂತ ಕಡಿಮೆ ಇರುವುದು ತೀರ ಸಾಮಾನ್ಯ. ಹಣ ವಾಪಸು ಬರಬೇಕಾದ ವರ್ಷಕ್ಕೆ ಐಟಿಆರ್-ಯು ನಡೆಯುವುದಿಲ್ಲ. ಅಲ್ಲಿ ಕಲಂ 119(2)(ಬಿ) ಪ್ರಕಾರ ವಿಳಂಬ ಮನ್ನಿಸಲು ಅರ್ಜಿ ಹಾಕಬೇಕು. ಅಸೆಸ್‌ಮೆಂಟ್ ವರ್ಷ ಮುಗಿದು 5 ವರ್ಷದವರೆಗೆ ಅವಕಾಶ. ತಡಕ್ಕೆ ಕಾರಣ, ಪಾಸ್‌ಪೋರ್ಟ್ ಪ್ರತಿ, 26ಎಎಸ್ ಜೊತೆಗಿರಲಿ. ಮನ್ನಣೆ ಸಿಕ್ಕ ಮೇಲೆಯೇ ರಿಟರ್ನ್. ರೀಫಂಡಿಗೆ ಬಡ್ಡಿ ಬರುವುದಿಲ್ಲ.

ಫಾರ್ಮು ಐಟಿಆರ್-2, ಐಟಿಆರ್-1 ಅನಿವಾಸಿಗೂ ಆರ್‌ಎನ್‌ಒಆರ್‌ಗೂ ಅಲ್ಲ. ಚಲನ್ ಕಟ್ಟುವಾಗ ಅಸೆಸ್‌ಮೆಂಟ್ ವರ್ಷ ಎರಡು ಸಲ ನೋಡಿ, ತಪ್ಪಿದರೆ ಕಟ್ಟಿದ ಹಣ ಬೇರೆ ವರ್ಷಕ್ಕೆ ಹೋಗಿ ಕೂರುತ್ತದೆ. ಪ್ಯಾನ್-ಆಧಾರ್ ಜೋಡಣೆಯಿಲ್ಲದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಮೊದಲು 1,000 ರೂಪಾಯಿ ಕಟ್ಟಿ ಸರಿಪಡಿಸಿ, ಇಲ್ಲದಿದ್ದರೆ ರೀಫಂಡ್ ನಿಲ್ಲುತ್ತದೆ. ರಿಟರ್ನ್ ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಆಗಬೇಕು. ಒಟಿಪಿ ಬರುವುದು ಆಧಾರಿಗೆ ಕೊಟ್ಟ ಹಳೆಯ ಮೊಬೈಲ್ ನಂಬರಿಗೆ. ಆ ಸಿಮ್ ಸತ್ತಿದ್ದರೆ ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಂಡೇ ಕೆಲಸ ಶುರುಮಾಡಿ.